ಅರ್ಜಿಯಮ್ಮನ ಮೊದಲ ಪ್ಯಾರಾ

ಅರ್ಜಿಯಮ್ಮನನ್ನು ಕಂಡರೆ ನನಗಾಗುವುದಿಲ್ಲ. ಕೋರ್ಟಿನ ಎದುರು ತಗಡಿನ ಚಪ್ಪರದ ಕೆಳಗೆ ಹನ್ನೆರಡು ವರ್ಷದಿಂದ ಅವಳದು ಟೈಪಿಂಗ್ ಮೇಜು, ಪಕ್ಕದಲ್ಲಿ ನನ್ನದು ಛಾಪಾ ಕಾಗದದ ಮೇಜು. ನಮ್ಮಿಬ್ಬರದು ಎಣ್ಣೆ ಸೀಗೇಕಾಯಿ. ಮುಚ್ಚಿಹೋದ ಗಿರಣಿಯ ಆಫೀಸಿನಿಂದ ಹೊತ್ತು ತಂದ ಹಳೇ ಮೆಷಿನ್, ಕುರ್ಚಿಗೆ ಕಟ್ಟಿದ ದಿಂಬು, ಮೂಗಿನ ತುದಿಯಲ್ಲಿ ಕನ್ನಡಕ, ಮೈತುಂಬ ಜಂಬ. ಅವಳ ಹಾಳೆಯಲ್ಲಿ ಒಂದಾದರೂ ತಪ್ಪು ಹುಡುಕಿ ನಾಲ್ಕು ಜನರ ಮುಂದೆ ತೋರಿಸಬೇಕೆಂದು ನಾನು ಕಾದದ್ದು ಅಷ್ಟಿಷ್ಟಲ್ಲ.

ಅವಳ ಬಳಿ ಬರುವವರಲ್ಲಿ ಅರ್ಧ ಜನರ ಬಾಯಲ್ಲಿ ಒಂದೇ ಮಾತು: ವಿತ್‌ಡ್ರಾ. ಚುನಾವಣೆಗೆ ನಿಂತವನು ನಾಮಪತ್ರ ವಿತ್‌ಡ್ರಾ ಮಾಡುತ್ತಾನೆ, ಸಿಟ್ಟಿನಲ್ಲಿ ರಾಜೀನಾಮೆ ಎಸೆದ ಗುಮಾಸ್ತ ಅದನ್ನು, ಪಕ್ಕದ ಮನೆಯವನನ್ನು ಕಳ್ಳ ಎಂದವನು ಆಡಿದ ಮಾತನ್ನು. ಎಲ್ಲರಿಗೂ ಎರಡು ಸಾಲು ಸಾಕು. ಇವಳಿಗೆ ಸಾಲದು. ಯಾವುದನ್ನು ವಾಪಸ್ ತೆಗೆದುಕೊಳ್ಳುತ್ತೀರೋ ಅದನ್ನು ಮೊದಲು ಬಾಯಿಬಿಟ್ಟು ಹೇಳಬೇಕು. ಅದು ಮೊದಲ ಪ್ಯಾರಾ. ಟೈಪಾದ ಮೇಲೆ ಜೋರಾಗಿ ಓದುತ್ತಾಳೆ, ಆಮೇಲೆ ಸಹಿ. ಎಷ್ಟೋ ಜನ ಓದುವಾಗಲೇ ಎದ್ದು ಹೋಗುತ್ತಾರೆ. ಆದರೂ ಅವಳ ಅರ್ಜಿ ಕೋರ್ಟಿನಿಂದ ತಿರುಗಿ ಬಂದದ್ದಿಲ್ಲ. ನನಗೆ ಅದೇ ಹೊಟ್ಟೆಯುರಿ.

ಸೊಸೆ ನನ್ನ ಮಗನ ಮೇಲೆ ದೂರು ಕೊಟ್ಟಾಗ ವಕೀಲರು ಅರ್ಜಿಯಮ್ಮನ ಹತ್ತಿರವೇ ಹೋಗಿ ಎಂದರು. ಸೋಮವಾರದೊಳಗೆ ದೂರು ವಾಪಸ್ ಆಗದಿದ್ದರೆ ಮಗನ ಕೆಲಸಕ್ಕೇ ಸಂಚಕಾರ. ಸಂಸಾರ ಗುಟ್ಟು, ವ್ಯಾಧಿ ರಟ್ಟು ಎಂದು ಮೂರು ದಿನ ಸೊಸೆಗೆ ಬುದ್ಧಿ ಹೇಳಿ, ಒಪ್ಪಿಸಿ ಕರೆತಂದೆ. ಮೊದಲ ಪ್ಯಾರಾ ಗಿರಾ ಬೇಡ, ಎರಡೇ ಸಾಲು ಹೊಡೆದುಕೊಡಿ ಎಂದೆ. ಅರ್ಜಿಯಮ್ಮ ನನ್ನ ಕಡೆ ತಿರುಗಲೂ ಇಲ್ಲ. ಸೊಸೆಯನ್ನು ಸ್ಟೂಲಿನ ಮೇಲೆ ಕೂರಿಸಿದಳು.

"ಏನಾಯ್ತು ಹೇಳಮ್ಮ. ಅದನ್ನೇ ತಾನೆ ವಾಪಸ್ ತಗೊಳ್ಳೋದು?"

ಸೊಸೆ ನೆಲ ನೋಡುತ್ತ ಹೇಳಿದಳು. ನನ್ನ ಮಗ ಅವಳ ಎಡಗೈಯನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಒತ್ತಿದ್ದು, ಎರಡು ಬೆರಳು ಮುರಿದದ್ದು. ಮೆಷಿನ್ ಟಕಟಕ ಎನ್ನುತ್ತಲೇ ಇತ್ತು. ನಾನು ಸಾಕು ಎಂದೆ. ಆಗ ಸೊಸೆ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದಳು.

"ಇನ್ನೊಂದಿದೆ ಅಕ್ಕಾ. ಮಾವ ಅಲ್ಲೇ ನಿಂತಿದ್ರು. ನಾನು ಮಾವಾ ಅಂತ ಕೂಗ್ದೆ. ಅವರು ಹಿಂದೆ ಸರಿದು, ರೂಮಿಗೆ ಹೋಗಿ ಚಿಲಕ ಹಾಕ್ಕೊಂಡ್ರು."

ಅದೂ ಟೈಪಾಯಿತು. ಅರ್ಜಿಯಮ್ಮ ಇಡೀ ಪ್ಯಾರಾವನ್ನು ಚಪ್ಪರಕ್ಕೆಲ್ಲ ಕೇಳುವಂತೆ ಓದಿದಳು. ಸೊಸೆ ಸಹಿಗೆಂದು ಪೆನ್ನು ತೆಗೆದುಕೊಂಡಳು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಎದುರಿನ ಬಸ್ ಸ್ಟಾಪಿಗೆ ನಡೆದಳು. ನಮ್ಮ ಮನೆಯ ಬಸ್ಸು ಅಲ್ಲಿ ನಿಲ್ಲುವುದಿಲ್ಲ.

ಅರ್ಜಿಯಮ್ಮ ಸಹಿಯಿಲ್ಲದ ಹಾಳೆಯನ್ನು ಎತ್ತಿ ನನ್ನ ಕೈಗಿಟ್ಟಳು.

"ತಪ್ಪು ಹುಡುಕ್ತಾ ಇರ್ತೀರಲ್ಲ, ನೋಡಿ."

ಮೂರು ಸಲ ಓದಿದೆ. ಒಂದೂ ತಪ್ಪಿರಲಿಲ್ಲ.