ಮಾಸ್ತರ ಬೆನ್ನಿನ ಗೆರೆ

೧೯೯೬ರಲ್ಲಿ ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟು ಸಿರುಗುಪ್ಪದಿಂದ ಬಳ್ಳಾರಿಗೆ ಬಂದೆ. ಆಮೇಲೆ ಕಲಿತದ್ದೆಲ್ಲ ಜೀನ್ಸ್ ಯೂನಿಟ್ಟಿನ ಕಟಿಂಗ್ ಟೇಬಲ್ಲಿನಲ್ಲೇ. ಮೊನ್ನೆ ಬಟ್ಟೆಗೆ ಗೆರೆ ಹಾಕುವ ಚಾಕಿನ ಹೊಸ ಡಬ್ಬಿ ಒಡೆದಾಗ ಆ ಒಣಮಣ್ಣಿನಂಥ ವಾಸನೆ ಮೂಗಿಗೆ ಬಡಿಯಿತು... ನಮ್ಮ ಕಟಿಂಗ್ ಮಾಸ್ತರು ಎದುರಿಗೆ ನಿಂತಂತಾಯಿತು.

ಕುರುಗೋಡಿನವರು. ಕಿವಿಯ ಮೇಲೆ ಸದಾ ಒಂದು ಚಾಕ್ ತುಂಡು. "ಗೆರಿ ಮಾಸಿದ್ರ ಅಂದಾಜಿಗೆ ಕತ್ತರಿ ಹಾಕಬ್ಯಾಡಲೇ, ಟೇಪು ಹಿಡಿದು ಮತ್ತ ಅಳಿ" ಅನ್ನೋರು. ಆ ಮಾತು ಹಿಡಿದೇ ನಾನೂ ಮಾಸ್ತರಾದೆ. ನನ್ನ ಕೈಯಲ್ಲಿ ಬಟ್ಟೆ ಕೆಟ್ಟಿಲ್ಲ, ಯಾರನ್ನಾದರೂ ಕೇಳಿ.

ಕೆಲ ವರ್ಷಗಳ ಹಿಂದೆ ಅವರಿಗೆ ಕ್ಯಾನ್ಸರ್ ಆಯಿತು. ಗೊತ್ತಾಗುವ ಹೊತ್ತಿಗೆ ಬೆನ್ನೆಲುಬಿಗೆ ಹರಡಿತ್ತು. ಕೂತರೂ ನೋವು, ಎದ್ದರೂ ನೋವು. ದವಾಖಾನೆಯ ಡಾಕ್ಟರಮ್ಮ ಮುಚ್ಚಿಡಲಿಲ್ಲ. "ಬೆನ್ನಿಗೆ ಕರೆಂಟ್, ಅಂದ್ರ ರೇಡಿಯೇಶನ್, ಕೊಡ್ತೀವಿ. ರೋಗ ಹೋಗಂಗಿಲ್ಲ, ನೋವು ಕಮ್ಮಿ ಆಗಬಹುದು."

ಮಾಸ್ತರು ಕೇಳಿದ್ದು ಒಂದೇ. "ಬಸ್ಸಿನಾಗ ಕುಂತು ಕುರುಗೋಡಿಗೆ ಹೋಗಾಕ ಆಗ್ತೈತೇನ್ರೀ? ಮಲಗಿಸ್ಕೊಂಡು ಹೋದ್ರ ಊರಾಗ ಹೆಣಾನ ಬಂತು ಅಂತಾರ."

ದವಾಖಾನೆಯವರು ಬೆನ್ನು ಅಳೆದು ಮಾರ್ಕರಿನಲ್ಲಿ ಗೆರೆ ಎಳೆದರು. ಕರೆಂಟು ಅಲ್ಲೇ ಬೀಳಬೇಕು, ಅಳಿಸಬೇಡಿ ಎಂದರು. "ನನ್ನ ಮ್ಯಾಲೇ ಕಟಿಂಗ್ ಹಚ್ಯಾರಲೇ!" ಎಂದು ಮಾಸ್ತರು ನಕ್ಕರು.

ಎರಡು ಸಲ ಕೊಟ್ಟಾಗಿತ್ತು. ಮರುದಿನ ದವಾಖಾನೆಗೆ ಕರೆದೊಯ್ಯಲು ಆಟೋ ತೊಗೊಂಡು ಅವರ ಮನೆಗೆ ಹೋದರೆ ಅವರ ಹೆಂಡತಿ, ನಾನು ಅಕ್ಕ ಅಂತಿದ್ದೆ, ಬಾಗಿಲಲ್ಲೇ ಅಳುತ್ತಾ ನಿಂತಿದ್ದರು. ಕರೆಂಟಿನ ಕಾವು ಇಳಿಯಲಿ ಅಂತ ಬೆನ್ನಿಗೆ ಹರಳೆಣ್ಣೆ ತಿಕ್ಕಿದ್ದರು. ಗೆರೆ ಅರ್ಧಕ್ಕರ್ಧ ಹೋಗಿತ್ತು.

ದವಾಖಾನೆಯವರು ಕರೆಂಟು ಕೊಡದೆ ಎಲ್ಲಿ ವಾಪಸ್ ಕಳಿಸುತ್ತಾರೋ ಅಂತ ಮಾಸ್ತರಿಗೆ ಹೆದರಿಕೆ. ನನ್ನ ಕೈಗೆ ಪೆನ್ನು ಕೊಟ್ಟು ಗೋಡೆ ಕಡೆ ತಿರುಗಿದರು. "ನೀನೇ ಎಳಿಯಲೇ. ನಿನ್ನ ಕೈ ನನಗ ಗೊತ್ತಿಲ್ಲೇನು?"

ಉಳಿದ ಗೆರೆ ಕಾಣುತ್ತಿತ್ತು. ಜೋಡಿಸುವುದು ನನಗೇನು ದೊಡ್ಡದಲ್ಲ. ಕೈ ಎತ್ತಿದೆ... ಇಳಿಸಿದೆ.

"ಗೆರಿ ಮಾಸೈತ್ರಿ ಮಾಸ್ತರ. ಮತ್ತ ಅಳೀಬೇಕು."

ಅವರ ಬೆನ್ನು ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. "ನನ್ನ ಮಾತು ನನಗ ಹೇಳ್ತೀಯಲ್ಲಲೇ, ಕಳ್ಳ!"

ದವಾಖಾನೆಯಲ್ಲಿ ಬೈದರು, ಮತ್ತೆ ಅಳೆದು ಹೊಸ ಗೆರೆ ಎಳೆದರು. ಸ್ವಲ್ಪ ತಡವಾಯಿತು, ಅಷ್ಟೆ. ಕರೆಂಟು ಮುಗಿದು ಕೆಲವು ವಾರಕ್ಕೆ ನೋವು ಇಳಿಯಿತು.

ಕುರುಗೋಡಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಂತರು, ನೆಟ್ಟಗೆ. ಮುಂದೆ ನಿಂತವನ ಪ್ಯಾಂಟು ನೋಡಿ, "ಎಡಗಾಲು ತಿರುಚೈತಿ ನೋಡಲೇ, ಯಾವನೋ ಅಂದಾಜಿಗೆ ಕತ್ತರಿಸ್ಯಾನ" ಎಂದು ಇಡೀ ಬಸ್ಸಿಗೆ ಕೇಳುವಂತೆ ಅಂದರು. ಊರು ಬಂದಾಗ ನನ್ನ ಹೆಗಲು ಹಿಡಿದು ತಾವೇ ಇಳಿದರು.

ಅದೇ ವರ್ಷ ದಸರೆಗೆ ಮುಂಚೆ ಹೋಗಿಬಿಟ್ಟರು...

ಈಗ ನನ್ನದೇ ಯೂನಿಟ್ಟು ಐತಿ. ಎಂಟು ಮಷೀನು, ಒಂದು ಕಟಿಂಗ್ ಟೇಬಲ್ಲು, ಅವರ ಕತ್ತರಿ ಒಂದು. ಬರ್ರಿ ಮಾಸ್ತರ ಅನ್ನುವವರು ಬೇಕಾದಷ್ಟು ಜನ. ಲೇ ಅನ್ನುವವರು ಒಬ್ಬರೂ ಇಲ್ಲ.