ಎಕನಾಮಿಕ್ಸಿನ ಜೊತೆಗೆ ಎಂತ ತೆಗೆದುಕೊಳ್ಳುವುದು?

ಮೊನ್ನೆ ಸೋಮವಾರ ಮುಂಡಾಜೆಯ ಹತ್ತಿರದ ಒಂದು ಹೈಸ್ಕೂಲಿನ ಜಗಲಿಯಲ್ಲಿ ಕುಳಿತು ಉಗುರು ಕಚ್ಚಿದೆ. ಈ ವಯಸ್ಸಿನಲ್ಲಿ! ಇಂಟರ್‌ವ್ಯೂ ಇದ್ದದ್ದು ನನಗಲ್ಲ, ಅಕ್ಕನ ಮಗಳು ವಾರಿಜಳಿಗೆ. ಖಾಲಿ ಇದ್ದದ್ದು ಸೋಷಿಯಲ್ ಸ್ಟಡೀಸ್ ಮೇಷ್ಟ್ರ ಕೆಲಸ ಒಂದೇ. ಬಂದವರು ಬೆಂಚು ತುಂಬ.

ಸುಮ್ಮನೆ ಕೂರುವ ಅಭ್ಯಾಸ ನನಗಿಲ್ಲ. ಪಕ್ಕದ ಹುಡುಗನನ್ನು ಕೇಳಿದೆ, "ಬಿ.ಎ.ಯಲ್ಲಿ ಎಂತ ತಗೊಂಡದ್ದು?"

"ಎಕನಾಮಿಕ್ಸ್, ಪಾಲಿಟಿಕ್ಸ್."

ಅವನ ಆಚೆಯವನು? ಎಕನಾಮಿಕ್ಸ್, ಪಾಲಿಟಿಕ್ಸ್. ಕಂಬಕ್ಕೆ ಒರಗಿ ತಲೆ ಬಾಚುತ್ತಿದ್ದವನು? ಅದೇ. ಇಡೀ ಬೆಂಚು ಒಂದೇ ಥಾನಿನಿಂದ ಕತ್ತರಿಸಿದ ಅಂಗಿಗಳ ಹಾಗಿತ್ತು. (ಜವಳಿ ಅಂಗಡಿಯವನಿಗೆ ಹಾಗೆಯೇ ಕಾಣುವುದು.)

ನನಗೆ ನಗುವೂ ಬಂತು, ಬೆವರೂ ಬಂತು. ಯಾಕೆಂದರೆ, ಮೂರು ವರ್ಷದ ಹಿಂದೆ ನನ್ನ ಮಾತು ನಡೆದಿದ್ದರೆ ವಾರಿಜಳೂ ಅದೇ ಥಾನಿನ ಒಂದು ತುಂಡು ಆಗುತ್ತಿದ್ದಳು.

ಆ ಕತೆ ಹೇಳಿಬಿಡುತ್ತೇನೆ. ನಮ್ಮದು ಅಳಿಯಕಟ್ಟಿನ ಮನೆತನ. ಮಕ್ಕಳು ಏನು ಓದಬೇಕೆಂದು ತೀರ್ಮಾನಿಸುವವನು ಅಪ್ಪನಲ್ಲ, ಸೋದರಮಾವ. (ಅಪ್ಪನಿಗೆ ಫೀಸು ಕಟ್ಟುವ ಸ್ವಾತಂತ್ರ್ಯ ಉಂಟು.) ಮೂಡುಬಿದಿರೆಯಲ್ಲಿ ಆಗಷ್ಟೇ ಕಾಲೇಜು ಶುರುವಾಗಿತ್ತು. ಅಕ್ಕ ಬೆಳ್ತಂಗಡಿಯಿಂದ ಮಗಳನ್ನು ಕರೆದುಕೊಂಡು ಬಂಟ್ವಾಳದ ನಮ್ಮ ಮನೆಗೆ ಬಂದಳು.

"ತಮ್ಮ, ಎಕನಾಮಿಕ್ಸ್ ಅಂತ ಒಂದು ನಿಶ್ಚಯ ಆಗಿದೆ. ಜೊತೆಗೆ ಇನ್ನೊಂದು ಮೇಜರ್ ಬೇಕಂತೆ. ಕೆಲಸ ಸಿಗುವಂಥದ್ದು ಹೇಳು. ಕೆಲಸ ಸಿಗದ ಓದಾದರೆ ಕಾಲೇಜೇ ಬೇಡ, ಗಂಡು ನೋಡುವ."

"ಪಾಲಿಟಿಕ್ಸ್" ಎಂದೆ, ಯೋಚನೆಯನ್ನೂ ಮಾಡದೆ. ಎಲ್ಲರೂ ಅದನ್ನೇ ತೆಗೆದುಕೊಳ್ಳುತ್ತಿದ್ದರು. ಎಲ್ಲರೂ ದಡ್ಡರಿರುತ್ತಾರಾ?

"ನನಗೆ ಹಿಂದಿ ಬೇಕು, ಮಾವ" ಎಂದಳು ವಾರಿಜ.

ಅದು ಭಾನುವಾರದ ಸಂಜೆ. ಚಾವಡಿಯಲ್ಲಿ ನಮ್ಮ ವಾರದ ತಾಳಮದ್ದಳೆ ಮುಗಿಯುತ್ತಾ ಬಂದಿತ್ತು, ಕೊನೆಯ ಮಂಗಳ ಹಾಡುವುದೊಂದೇ ಬಾಕಿ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತಿನಲ್ಲಿ ಕಾದಾಡುವುದು. ಆ ದಿನ ಎದುರಾಳಿಯನ್ನು ಮಣ್ಣು ಮುಕ್ಕಿಸಿದ ಅಮಲು ನನಗಿನ್ನೂ ಇಳಿದಿರಲಿಲ್ಲ.

"ನನ್ನನ್ನು ವಾದದಲ್ಲಿ ಗೆಲ್ಲು. ಗೆದ್ದರೆ ಹಿಂದಿ, ಸೋತರೆ ಪಾಲಿಟಿಕ್ಸ್" ಎಂದುಬಿಟ್ಟೆ.

ಪದ ಹಾಡುವ ಭಾಗವತರು ಜಾಗಟೆ ಇನ್ನೂ ಕೆಳಗಿಟ್ಟಿರಲಿಲ್ಲ. ಠಣ್ ಎಂದು ಬಾರಿಸಿದರು. ಆಯಿತು, ಕೂಟದಲ್ಲಿ ಕೊಟ್ಟ ಮಾತು. ಹಿಂದೆ ತೆಗೆದುಕೊಂಡರೆ ಮುಂದೆ ಯಾವ ಕೂಟಕ್ಕೂ ನನ್ನನ್ನು ಕರೆಯುವವರಿಲ್ಲ.

ವಾರಿಜ ಸೆರಗು ಸರಿಮಾಡಿಕೊಂಡು ಎದುರಿಗೆ ಕುಳಿತಳು. (ಮಾತು ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ನನ್ನ ಸೋಲನ್ನು ಸ್ವಲ್ಪವೂ ತಿದ್ದಿಲ್ಲ.)

"ಫರಂಗಿಪೇಟೆಯಿಂದ ಚಾರ್ಮಾಡಿಯವರೆಗೆ ಹಿಂದಿ ಮಾತಾಡುವವರು ಯಾರುಂಟು?" ನಾನು ಮೀಸೆ ತಿರುವಿದೆ.

"ಯಾರೂ ಇಲ್ಲ. ಹಾಗಾದರೆ ಹೈಸ್ಕೂಲುಗಳಲ್ಲಿ ಹಿಂದಿ ಕಲಿಸುವವರು ಯಾರು, ಮಾವ?"

"ಹೊರಗಿನವರು ಬರ್ತಾರೆ."

"ಬರ್ತಾರೆ. ಒಂದು ಮಳೆಗಾಲ ನೋಡಿ ಹೋಗ್ತಾರೆ. ನಾವು ಹಿಂದಿ ಪೀರಿಯಡಿನಲ್ಲಿ ಶಾಲೆಯ ತೆಂಗಿನ ಗಿಡಕ್ಕೆ ನೀರು ಹಾಕಿದ್ದೇ ಹೆಚ್ಚು."

ಚಾವಡಿ ನಕ್ಕಿತು. ನಾನು ಸ್ವರ ಏರಿಸಿದೆ. "ಪಾಲಿಟಿಕ್ಸಿಗೆ ಎಷ್ಟು ಜನ ಹೋಗ್ತಾರೆ ನೋಡು. ಒಳ್ಳೆಯದಲ್ಲದಿದ್ದರೆ ಹೋಗ್ತಾರಾ?"

"ಒಂದು ಕೇಳ್ತೇನೆ, ಬೇಸರ ಮಾಡಬೇಡಿ. ಹೋದ ಮಳೆಗಾಲಕ್ಕೆ ನೀವು ಅಂಗಡಿಗೆ ಎಂತ ತರಿಸಿದ್ದು?"

"ಕೊಡೆ."

"ಪೇಟೆಯ ಉಳಿದ ಅಂಗಡಿಯವರು?"

"ಕೊಡೆ" ಎಂದೆ, ಸ್ವಲ್ಪ ಮೆಲ್ಲಗೆ.

"ಎಲ್ಲ ಮಾರಿ ಹೋಯಿತಾ?"

ಭಾಗವತರು ಒರಗಿ ಕುಳಿತದ್ದೇ ಉಳಿದುಹೋದ ಕೊಡೆಗಳ ಕಟ್ಟಿಗೆ.

"ನಿಮ್ಮ ಪಕ್ಕದ ಅಂಗಡಿಯವರು ಮಾತ್ರ ಪ್ಲಾಸ್ಟಿಕ್ ಶೀಟು ತರಿಸಿದರು. ಅವರದ್ದು ಉಳಿಯಿತಾ, ಮಾವ?"

ಮೀಸೆಯ ಮೇಲಿದ್ದ ಕೈಯನ್ನು ಕೆಳಗಿಳಿಸಿದೆ. ಮಾತಿನ ಮಲ್ಲನೆಂದು ಮೂರೂರು ತಿರುಗಿದವನು ನಾನು. ಭಾಗವತರು ಕೊಡೆಯ ಕಟ್ಟನ್ನು ಒಮ್ಮೆ ತಿರುಗಿ ನೋಡಿ, "ಶೆಟ್ರೇ, ಇನ್ನು ಮಂಗಳ ಹಾಡುವುದಾ?" ಎಂದರು.

ಮರುದಿನವೇ ಕಾಲೇಜಿಗೆ ಹೋಗಿ ಹೆಸರು ಬರೆಸಿ ಬಂದೆವು. ಮೂರು ವರ್ಷ ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಬಸ್ಸಿನಲ್ಲಿ ಓಡಾಟ. ಬಸ್ಸಿನಲ್ಲೇ ಹಿಂದಿಯ ಉರು. "ಶೆಟ್ರೇ, ಹುಡುಗಿಯನ್ನು ಬೊಂಬಾಯಿಗೆ ಕೊಡುವ ಅಂದಾಜಾ?" ಎಂದು ಕೇಳಿದವರು ಎಷ್ಟು ಮಂದಿ. ನಗುತ್ತಾ ಇದ್ದೆ. ಆದರೆ ಅಕ್ಕನ ಕಣ್ಣು ತಪ್ಪಿಸುತ್ತಿದ್ದೆ. ಈ ಹಿಂದಿ ಎಲ್ಲಾದರೂ ಕೈಕೊಟ್ಟರೆ ಹುಡುಗಿಯ ಓದು ಅಲ್ಲಿಗೆ ವ್ಯರ್ಥ, ನನ್ನ ಯಜಮಾನಿಕೆಯೂ ವ್ಯರ್ಥ.

ಈಗ ಪುನಃ ಸೋಮವಾರದ ಜಗಲಿಗೆ ಬನ್ನಿ. ವಾರಿಜಳನ್ನು ಕರೆದದ್ದು ಎಲ್ಲರ ಕೊನೆಗೆ. ಬಾಗಿಲು ಅರ್ಧ ತೆರೆದಿತ್ತು. ನಾನು ಕಿವಿಯನ್ನು ಪೂರ್ತಿ ತೆರೆದೆ.

"ಸೋಷಿಯಲ್ ಸ್ಟಡೀಸ್ ಕಲಿಸಲಿಕ್ಕೆ ಹೊರಗೆ ಬೆಂಚು ತುಂಬ ಜನ ಇದ್ದಾರಲ್ಲ. ನಿಮ್ಮನ್ನೇ ಯಾಕೆ ತೆಗೆದುಕೊಳ್ಳಬೇಕು?" ಇದು ಶಾಲೆಯ ಹೆಡ್‌ಮಾಸ್ಟರ ಸ್ವರ.

"ನಾನು ಹಿಂದಿಯನ್ನೂ ಕಲಿಸ್ತೇನೆ, ಸಾರ್."

ಒಳಗೆ ಒಂದು ಕುರ್ಚಿ ಎಳೆದ ಸದ್ದು. ಆಮೇಲೆ ಅದೇ ಸ್ವರ, ಈಗ ಬಹಳ ಮೆತ್ತಗೆ: "ಹಿಂದಿಗೆ ಜನ ಸಿಗದೆ ನಮ್ಮ ತಲೆಕೂದಲು ಉದುರಿ ಹೋಯಿತಮ್ಮಾ. ನಾಳೆಯಿಂದಲೇ ಬರ್ಲಿಕ್ಕೆ ಆಗ್ತದಾ?"

ನಾನು ಎದ್ದು ನಿಂತು ತೊಡೆ ತಟ್ಟಿದೆ. ಬೆಂಚಿನವರೆಲ್ಲ ನೋಡಿದರು, ನೋಡಲಿ. ಎಷ್ಟೋ ಕೂಟಗಳನ್ನು ಗೆದ್ದಿದ್ದೇನೆ. ಆದರೆ ಅವತ್ತು ಸೋತ ಕೂಟ ಕೊಟ್ಟ ಖುಷಿಯನ್ನು ಅವೆಲ್ಲ ಸೇರಿದರೂ ಕೊಟ್ಟಿಲ್ಲ. ಸಂಜೆ ಬೆಳ್ತಂಗಡಿಯಲ್ಲಿ ಅಕ್ಕ ನನ್ನ ಎಲೆಗೆ ಪಾಯಸ ಎರಡನೇ ಸಲ ಬಡಿಸಿ, "ನೀನು ಹೇಳಿದ ಹಾಗೆಯೇ ಆಯ್ತು" ಎಂದಳು. ನಾನು ತಿದ್ದಲಿಲ್ಲ. ವಾರಿಜಳೂ ತಿದ್ದಲಿಲ್ಲ, ನಕ್ಕಳು.

ಈಗ ನನ್ನ ಅಂಗಡಿಯಲ್ಲಿ ಬಟ್ಟೆಗಿಂತ ಬುದ್ಧಿವಾದಕ್ಕೇ ಹೆಚ್ಚು ಗಿರಾಕಿ. ಬಂದ ತಂದೆತಾಯಿಯರಿಗೆಲ್ಲ "ಹಿಂದಿ, ಕಣ್ಣು ಮುಚ್ಚಿ ತೆಗೆದುಕೊಳ್ಳಿ" ಎನ್ನುತ್ತಿದ್ದೆ. ನಿನ್ನೆ ವಾರಿಜ ಶಾಲೆಗೆ ಹೋಗಲು ಒಂದು ಕೊಡೆ ಬೇಕೆಂದು ಬಂದವಳು ಅದನ್ನು ಕೇಳಿಸಿಕೊಂಡಳು.

"ಎಲ್ಲರಿಗೂ ಹಿಂದಿ ಹೇಳಬೇಡಿ, ಮಾವ. ನಾಳೆ ಅದೂ ಕೊಡೆ ಆಗ್ತದೆ."

ಆದ್ದರಿಂದ, ವಿಷಯ ಕೇಳಲು ಬರುವ ಓದುಗರೇ, ಮೊದಲು ನೀವು ಹೇಳಿ: ಪಕ್ಕದ ಮನೆಯ ಹುಡುಗ ಎಂತ ತೆಗೆದುಕೊಂಡಿದ್ದಾನೆ?