ಬೆಳೆ ತುಳಿಯದವನು

ಎಂಬತ್ತರ ದಶಕದ ಕೊನೆಯಲ್ಲಿ ಭಾರತದ ಶಾಂತಿಪಾಲನಾ ಪಡೆಯೊಂದಿಗೆ ಶ್ರೀಲಂಕಾಕ್ಕೆ ಹೋದಾಗ ನಮಗೆ ಸಿಕ್ಕ ಮೊದಲ ಎಚ್ಚರಿಕೆ, ಹೊಲದ ಬದುವಿನ ಮೇಲೆ ಕಾಲಿಡಬೇಡಿ ಎಂಬುದು. ಜನ ನಡೆದಾಡುವ ಕಡೆಯೇ ಬಂಡುಕೋರರು ನೆಲಬಾಂಬು ಹೂಳುತ್ತಾರೆ. ದಾಟುವುದಾದರೆ ಬೆಳೆಯ ನಡುವೆಯೇ ದಾಟಬೇಕು. ಚಿಕ್ಕೋಡಿಯಲ್ಲಿ ಬಿ.ಎ. ಮುಗಿಸಿ ಸೈನ್ಯ ಸೇರಿದ್ದ ನನಗೆ ಅದು ಕಷ್ಟವಾಗಲಿಲ್ಲ. ನಮಗೆ ಹೊಲವಿರಲಿಲ್ಲ, ಅಪ್ಪ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ.

ಕಷ್ಟವಾದದ್ದು ಅವನಿಗೆ. ನಿಪ್ಪಾಣಿ ಹತ್ತಿರದ ಹಳ್ಳಿಯ ರೈತರ ಮಗ, ನನಗಿಂತ ಚಿಕ್ಕವನು, ಮೀಸೆ ಆಗಷ್ಟೇ ದಟ್ಟವಾಗುತ್ತಿತ್ತು. ತುಕಡಿಯಲ್ಲಿ ಕನ್ನಡದವರು ನಾವಿಬ್ಬರೇ. ಉಳಿದವರೊಡನೆ ಅವನು ಮರಾಠಿಯಲ್ಲಿ ಹರಟುತ್ತಿದ್ದ, ಬೈಗುಳದ ಕನ್ನಡ ಮಾತ್ರ ನನಗೆ ಮೀಸಲು, ಬಿ.ಎ. ಓದಿದವನೆಂದು ‘ಮಾಸ್ತರ’ ಎಂಬ ಅಡ್ಡಹೆಸರು ಬೇರೆ.

ಆ ಬೆಳಿಗ್ಗೆ ಎದುರಾದದ್ದು ತಂಬಾಕಿನ ಹೊಲ. ಎಲೆ ಬಲಿತು ಕೊಯ್ಲಿಗೆ ಬಂದಿತ್ತು. ಮುಂದಿನವನ ಹೆಜ್ಜೆಯ ಮೇಲೆಯೇ ಹೆಜ್ಜೆಯಿಡುತ್ತ ಸಾಲಾಗಿ ಇಳಿದೆವು. ನನ್ನ ಮುಂದೆ ಅವನಿದ್ದ. ಎಲೆ ಹರಿಯುವ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಅವನೊಬ್ಬ ಗೊಣಗುತ್ತಿದ್ದ.

“ಯಾರ ಬೆಳಿಯೋ ಏನೋ. ನಾಳೆ ಕೊಯ್ಯೂವಂಗ ಐತಿ.”

“ಸುಮ್ಮ ನಡಿಯಲೇ,” ಎಂದೆ.

“ನಿಮ್ಮಪ್ಪನ ಅಂಗಡ್ಯಾಗ ಸೀರಿ ಹಾಸಿ ತುಳಕೋತ ಹೋಗಿದ್ರ ನಿನಗ ತಿಳೀತಿತ್ತು, ಮಾಸ್ತರ.”

ಅವನ ಬೂಟಿಗೆ ಸಿಕ್ಕು ಒಂದು ಗಿಡ ಬುಡದಲ್ಲೇ ಮುರಿಯಿತು. ಬಗ್ಗಿ ನೆಟ್ಟಗೆ ನಿಲ್ಲಿಸಲು ನೋಡಿದ. ಅದು ವಾಲಿತು. ಪಕ್ಕದಲ್ಲೇ ಬದು, ನುಣ್ಣಗೆ, ಖಾಲಿ. ಅವನ ಬಲಗಾಲು ಅತ್ತ ಎದ್ದದ್ದನ್ನು ಕಂಡೆ.

“ಬ್ಯಾಡಲೇ.”

“ಇಷ್ಟ ದಾಟೂತನಕ,” ಎಂದ.

ಸ್ಫೋಟದ ಸದ್ದು ನನಗೆ ನೆನಪಿಲ್ಲ. ಬಾಯಿ ತುಂಬ ಮಣ್ಣಿತ್ತು, ಅದರಲ್ಲಿ ತಂಬಾಕಿನ ಕಹಿ. ಹೆಲಿಕಾಪ್ಟರ್ ಬರುವಷ್ಟರಲ್ಲಿ ಅವನ ಜೀವ ಹೋಗಿತ್ತು. ಇಂದಿಗೂ ಆ ಬಲಗಾಲು ನನ್ನ ಕಣ್ಣಲ್ಲಿ ನೆಲ ಮುಟ್ಟುವುದಿಲ್ಲ. ಎತ್ತಿದ್ದು ಎತ್ತಿದಂತೆಯೇ ಇದೆ.

ರಜೆ ಸಿಕ್ಕಾಗ, ಬರುತ್ತೇನೆಂದು ಮೊದಲೇ ಕಾಗದ ಬರೆದು, ಅವನ ಊರಿಗೆ ಹೋದೆ. ಬೆಳೆ ತುಳಿದರೆ ಅಪ್ಪ ಬಾರುಕೋಲು ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದ ಎಂದು ಅವನು ಎಷ್ಟೋ ಸಲ ಹೇಳಿ ನಕ್ಕಿದ್ದ. ಆ ಅಪ್ಪನಿಗೆ ನಿಜ ಹೇಳುವುದು ಹೇಗೆ? ಗುಂಡು ತಾಗಿತು ಎಂದುಬಿಡಬೇಕೆಂದು ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿಕೊಂಡೆ.

ಅವನ ಅಪ್ಪ ಹೊಲದಲ್ಲಿದ್ದರು. ಅಲ್ಲೂ ತಂಬಾಕು, ಮೊಣಕಾಲೆತ್ತರ.

“ಬಾ ತಮ್ಮಾ,” ಎಂದು ಬದುವಿನ ಆಚೆ ತುದಿಯಿಂದ ಕರೆದರು.

ನಾನು ಬೆಳೆಯೊಳಕ್ಕೆ ಇಳಿದುಬಿಟ್ಟಿದ್ದೆ.

“ತಮ್ಮಾ, ಬೆಳಿ ತುಳ್ಯಾಕತ್ತಿ ನೋಡು. ಬದುವಿನ ಮ್ಯಾಲ ಬಾ.”

ಹತ್ತಲು ನೋಡಿದೆ. ಕಾಲು ಏಳಲಿಲ್ಲ. ಬೆಳೆಯೊಳಗೇ ಇನ್ನೊಂದು ಹೆಜ್ಜೆಯಿಟ್ಟೆ. ಅವರು ಇನ್ನೊಮ್ಮೆ ಬೈಯಲು ಬಾಯಿ ತೆರೆದವರು ತಡೆದುಕೊಂಡರು. ನಾನು ತುಳಿದು ಬಂದ ಸಾಲನ್ನು ನೋಡಿದರು, ಆಮೇಲೆ ನನ್ನ ಕಾಲನ್ನು.

“ಅವಾ ಬದುವಿನ ಮ್ಯಾಲ ನಡದಿದ್ನೇನು?”

ಬಾಯಿಪಾಠ ಮಾಡಿದ್ದು ಬಾಯಿಗೆ ಬರಲಿಲ್ಲ.

“ಹೌದ್ರಿ ಕಾಕಾ.”

ಅವರು ಬದುವಿನಿಂದ ಕೆಳಗಿಳಿದರು. ತಮ್ಮದೇ ಗಿಡಗಳನ್ನು ಮುರಿಯುತ್ತ ಬಂದು ನನ್ನ ರಟ್ಟೆ ಹಿಡಿದರು.

“ನಡಿ. ಹಿಂಗ ಹೋಗೂಣು.”

ರಸ್ತೆ ಸಿಗುವವರೆಗೂ ಬೆಳೆಯ ನಡುವೆಯೇ ನಡೆದೆವು.